ಮಾವನ ಹಳೇ ಪ್ರಿಸಿಷನ್‌ಗೆ ಟ್ರಾನ್ಸಿಸ್ಟರ್ ಆಂಪ್ ಹೊಂದುತ್ತಾ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರದ ಊರು. ಸೋದರಮಾವ ಹಡಗಿನ ಕೆಲಸದಲ್ಲಿದ್ದಾಗ ಅಮೆರಿಕದಿಂದ ತಂದಿದ್ದ ಫೆಂಡರ್ ಪ್ರಿಸಿಷನ್ ಬೇಸ್ ಗಿಟಾರ್ ಈಗ ನನ್ನ ಕೈಗೆ ಬಂದಿದೆ. ಹೆಡ್‌ಸ್ಟಾಕ್ ಮೇಲಿನ ನಂಬರ್ ‘ಎಸ್8’ ಎಂದು ಶುರುವಾಗುತ್ತದೆ. ತಂತಿಗಳೂ ಅವರ ಕಾಲದ ಫ್ಲಾಟ್‌ವೌಂಡೇ (ಮೇಲ್ಮೈ ನುಣುಪಾಗಿರುವಂಥದ್ದು). ಚಿಕ್ಕಮಗಳೂರಿನ ಆರ್ಕೆಸ್ಟ್ರಾ ಒಂದರಲ್ಲಿ ನುಡಿಸುತ್ತೇನೆ. ಇಲ್ಲಿಯವರೆಗೆ ನೇರವಾಗಿ ಮಿಕ್ಸರ್‌ಗೆ ಸಿಗಿಸುತ್ತಿದ್ದೆ, ಶಬ್ದ ಕಂಬಳಿ ಹೊದ್ದುಕೊಂಡ ಹಾಗೆ ಬರುತ್ತದೆ. ಬೆಂಗಳೂರಿನಲ್ಲಿ ಎರಡು ಹಳೇ ಆಂಪ್ ಮಾರಾಟಕ್ಕಿವೆ: ಅಕೌಸ್ಟಿಕ್ ಕಂಪನಿಯ 360 ಹೆಡ್, ಅಂದರೆ ಸ್ಪೀಕರ್‌ನಿಂದ ಬೇರೆಯಾದ ಆಂಪ್ ಭಾಗ (ಪೆಟ್ಟಿಗೆ ಇಲ್ಲ), ಮತ್ತೆ ಗ್ಯಾಲಿಯನ್-ಕ್ರೂಗರ್ 800ಆರ್‌ಬಿ. ಗೆಳೆಯನೊಬ್ಬನ ಹತ್ತಿರ 15 ಇಂಚಿನ, 8 ಓಮ್‌ನ ಕ್ಯಾಬಿನೆಟ್ ಇದೆ. ಆದರೆ ಬ್ಯಾಂಡಿನ ಹಿರಿಯರೆಲ್ಲ ‘ಹಳೇ ಬೇಸ್‌ಗೆ ವಾಲ್ವ್ (ಗಾಜಿನ ಟ್ಯೂಬ್) ಆಂಪೇ ಆಗಬೇಕು, ಟ್ರಾನ್ಸಿಸ್ಟರ್‌ನಲ್ಲಿ ಡಬ್ಬ ಬಡಿದ ಹಾಗಿರುತ್ತೆ’ ಅನ್ನುತ್ತಾರೆ. ಯಾವುದು ತಗೊಳ್ಳಲಿ? ನಮ್ಮ ಕಡೆ ಮಳೆ, ಲೋ ವೋಲ್ಟೇಜ್ ಎರಡೂ ಜಾಸ್ತಿ.

ಉತ್ತರ: ಮೊದಲು ತೀರ್ಮಾನ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಮುಂದೆ ಹೇಳುವ ಪರೀಕ್ಷೆಗಳಲ್ಲಿ ಪಾಸಾದರೆ 800ಆರ್‌ಬಿ ತಗೊಳ್ಳಿ. 360 ಹೆಡ್ ಬಿಟ್ಟುಬಿಡಿ. ವಾಲ್ವ್ ಆಂಪ್‌ನ ಆಸೆ ಸದ್ಯಕ್ಕೆ ಪಕ್ಕಕ್ಕಿರಲಿ.

360 ಬೇಡ ಅಂದಿದ್ದು ಅದು ಕೆಟ್ಟ ಆಂಪ್ ಅಂತಲ್ಲ. ಬೇಸ್‌ಗಾಗಿಯೇ ಮಾಡಿದ ಟ್ರಾನ್ಸಿಸ್ಟರ್ ಆಂಪ್‌ಗಳಲ್ಲಿ ಅದರಷ್ಟು ಹೆಸರು ಮಾಡಿದ್ದು ಕಡಿಮೆ. ತೊಂದರೆ ಇರುವುದು ಆ ‘ಪೆಟ್ಟಿಗೆ ಇಲ್ಲ’ ಅನ್ನುವ ಎರಡು ಮಾತಿನಲ್ಲಿ. 360ರ ಹೆಡ್‌ನೊಳಗೆ ಇರುವುದು ಪ್ರಿಆಂಪ್ ಮಾತ್ರ, ಅಂದರೆ ಸಿಗ್ನಲ್ ತಿದ್ದುವ ಮೊದಲ ಹಂತ. ಸ್ಪೀಕರ್ ನಡೆಸುವ 200 ವ್ಯಾಟ್‌ನ ಪವರ್ ಆಂಪ್ ಕೂತಿರುವುದು ಅದರ ಜೋಡಿಯಾದ 361 ಪೆಟ್ಟಿಗೆಯ ಒಳಗೆ, 18 ಇಂಚಿನ ಸ್ಪೀಕರ್ ಜೊತೆಯಲ್ಲಿ. ಬರೀ ಹೆಡ್ ತಂದು ಗೆಳೆಯನ ಕ್ಯಾಬಿನೆಟ್‌ಗೆ ಸಿಗಿಸಿದರೆ ಏನೂ ಕೇಳುವುದಿಲ್ಲ. ಬೇರೆ ಪವರ್ ಆಂಪ್ ಮಧ್ಯೆ ಹಾಕಿ ನಡೆಸಬಹುದು ನಿಜ, ಆದರೆ ಆಗ ನೀವು ಹಣ ಕೊಟ್ಟಿದ್ದು ಅರ್ಧ ಆಂಪ್‌ಗೆ. ಮಾರುವವರು ಇದನ್ನು ಹೇಳಿದ್ದರೋ ಇಲ್ಲವೋ, ನೀವಂತೂ ಕೇಳಿ.

ಪೂರ್ತಿ ಜೋಡಿ ಸಿಕ್ಕಿದರೂ ನಿಮ್ಮ ಕೆಲಸಕ್ಕೆ ನಾನು ಹೇಳುತ್ತಿರಲಿಲ್ಲ. 361ರಲ್ಲಿ ಸ್ಪೀಕರ್ ಹಿಂದಕ್ಕೆ ಮುಖ ಮಾಡಿರುತ್ತದೆ, ಶಬ್ದ ಮಡಿಸಿದ ಹಾರ್ನ್‌ನೊಳಗೆ ಸುತ್ತು ಹಾಕಿ ಮುಂದೆ ಬರುತ್ತದೆ. ದೂರದಲ್ಲಿ ಕೂತವರ ಎದೆಗೆ ಬಡಿಯುತ್ತದೆ, ಪಕ್ಕದಲ್ಲೇ ನಿಂತು ನುಡಿಸುವವನಿಗೆ ಅಷ್ಟು ಸ್ಪಷ್ಟವಾಗಿ ಕೇಳಿಸದು. ಗಣಪತಿ ಪೆಂಡಾಲಿನ ಹತ್ತಡಿ ಸ್ಟೇಜ್‌ನಲ್ಲಿ ಅದನ್ನು ಎಲ್ಲಿಡುತ್ತೀರಿ?

ಇನ್ನು ವಾಲ್ವ್ ಮಾತು. ನಿಮ್ಮ ಹಿರಿಯರು ಹೇಳುವುದರ ಹಿಂದೆ ಚರಿತ್ರೆ ಇದೆ, ಸುಮ್ಮನೆ ಹುಟ್ಟಿದ ಮಾತಲ್ಲ. 1965ರಲ್ಲಿ ಫೆಂಡರ್ ಕಂಪನಿ ಅಮೆರಿಕದ ಪ್ರಸಾರ ಕಂಪನಿ ಸಿಬಿಎಸ್‌ನ ಕೈ ಸೇರಿತು. ಮರುವರ್ಷವೇ ಅವರು ತಂದ ಟ್ರಾನ್ಸಿಸ್ಟರ್ ಆಂಪ್‌ಗಳು ಬೇಗ ಬೇಗ ಕೆಟ್ಟು ಹೆಸರು ಕೆಡಿಸಿಕೊಂಡವು. ಆಗಿನ ಪವರ್ ಟ್ರಾನ್ಸಿಸ್ಟರ್‌ಗಳು ಬಿಸಿಗೆ ಬೇಗ ಸಾಯುತ್ತಿದ್ದವು, ಸರ್ಕ್ಯೂಟ್ ಬರೆಯುವವರಿಗೂ ಅನುಭವ ಸಾಲದು. ‘ಟ್ರಾನ್ಸಿಸ್ಟರ್ ಅಂದರೆ ಜೀವವಿಲ್ಲದ ಶಬ್ದ’ ಎಂಬ ಮಾತು ಗಟ್ಟಿಯಾಗಿದ್ದು ಆ ಕಾಲದಲ್ಲಿ. ಅದಾಗಿ ಕೆಲವೇ ವರ್ಷಕ್ಕೆ ಬಂದ 360, ಬೇಸ್‌ನವರ ಮಟ್ಟಿಗಾದರೂ, ಆ ಮಾತನ್ನು ಸುಳ್ಳು ಮಾಡಿತು. ರಾಕ್ ಬ್ಯಾಂಡ್ ಲೆಡ್ ಝೆಪೆಲಿನ್‌ನ ಜಾನ್ ಪಾಲ್ ಜೋನ್ಸ್ ಅದನ್ನು ಬಳಸಿದರು. 1976ರಲ್ಲಿ ವೆದರ್ ರಿಪೋರ್ಟ್ ಎಂಬ ಜಾಜ್ ತಂಡ ಸೇರಿದ ಜಾಕೋ ಪಾಸ್ಟೋರಿಯಸ್ ಅವರದ್ದು 60ರ ದಶಕದ ಶುರುವಿನ ಜಾಜ್ ಬೇಸ್. ಫ್ರೆಟ್ ಕಿತ್ತು, ಫಿಂಗರ್‌ಬೋರ್ಡ್‌ಗೆ ಇಪಾಕ್ಸಿ ಬಳಿದದ್ದು. ಬ್ಯಾಟರಿ ಇಲ್ಲದ, ಪ್ಯಾಸಿವ್ ಪಿಕಪ್‌ನ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಹಳೇ ಬೇಸ್ ಅದು, ಆಂಪ್ ಇದೇ ಟ್ರಾನ್ಸಿಸ್ಟರ್‌ನ 360. ಜಗತ್ತಿನ ಬೇಸ್‌ನವರು ಐವತ್ತು ವರ್ಷದಿಂದ ಬೆನ್ನು ಹತ್ತಿರುವ ಶಬ್ದ ಆ ಜೋಡಿಯದು. ಡಬ್ಬ ಬಡಿದ ಹಾಗೆ ಯಾರಿಗೂ ಕೇಳಿಸಿಲ್ಲ.

ವ್ಯತ್ಯಾಸ ಇಲ್ಲವೇ ಅಂದರೆ, ಇದೆ. ವಾಲ್ವ್ ಆಂಪ್ ತನ್ನ ಶಕ್ತಿಯ ಮಿತಿಗೆ ಬಂದಾಗ ಸ್ವರದ ತಲೆಯನ್ನು ನಿಧಾನವಾಗಿ ಒತ್ತುತ್ತದೆ, ಕಿವಿಗೆ ಅದು ದಪ್ಪ ಅನಿಸುತ್ತದೆ. ಟ್ರಾನ್ಸಿಸ್ಟರ್ ಆಂಪ್ ಮಿತಿಯವರೆಗೂ ಶುದ್ಧವಾಗಿರುತ್ತದೆ, ಮಿತಿ ದಾಟಿದ ಕ್ಷಣ ಕತ್ತರಿಸಿಬಿಡುತ್ತದೆ. ಹಾಗಾಗಿ ಟ್ರಾನ್ಸಿಸ್ಟರ್‌ನಲ್ಲಿ ಬೇಕಾಗುವುದು ಕೈಯಲ್ಲಿ ಮಿಗುವಷ್ಟು ವ್ಯಾಟ್. ಬೆರಳಿನಿಂದ ಎಳೆದ ಸ್ವರದ ಮೊದಲ ಪೆಟ್ಟು ಆಮೇಲಿನ ನಾದಕ್ಕಿಂತ ಬಹಳ ಜೋರು. ಆ ಪೆಟ್ಟಿಗೆ ಜಾಗ ಉಳಿದಿದ್ದರೆ ಡಿಸ್ಟಾರ್ಷನ್ ಬರುವುದಿಲ್ಲ. 300 ವ್ಯಾಟ್ ಅಂದಾಕ್ಷಣ ಕಿವಿ ಕಿತ್ತುಹೋಗುವಷ್ಟು ಶಬ್ದ ಅಂತ ತಿಳಿಯಬೇಡಿ. ವ್ಯಾಟ್ ಎರಡು ಪಟ್ಟಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಎರಡು ಪಟ್ಟು ಜೋರು ಅನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು.

ಈಗ ನಿಮ್ಮ ‘ಕಂಬಳಿ’ಗೆ ಬರುತ್ತೇನೆ. ನನ್ನ ಪ್ರಕಾರ ನಿಮ್ಮ ನಿಜವಾದ ತೊಂದರೆ ಇರುವುದು ಇಲ್ಲೇ, ವಾಲ್ವ್-ಟ್ರಾನ್ಸಿಸ್ಟರ್ ಜಗಳದಲ್ಲಲ್ಲ. ಪ್ರಿಸಿಷನ್‌ನ ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಷ್ಟು ತೆಳು ತಾಮ್ರದ ತಂತಿ. ಮೀಟರ್‌ನಲ್ಲಿ ಅಳೆದರೆ 10-11 ಕಿಲೋ ಓಮ್ ಆಸುಪಾಸು ತೋರಿಸುತ್ತದೆ. ಆದರೆ ಅದು ಕಾಯಿಲ್, ಅದಕ್ಕೆ ಇಂಡಕ್ಟೆನ್ಸ್ ಇದೆ, 5-6 ಹೆನ್ರಿ ಆಸುಪಾಸು. ಇಂಡಕ್ಟೆನ್ಸ್‌ನಿಂದ ಬರುವ ತಡೆ ಸ್ವರ ಮೇಲೇರಿದ ಹಾಗೆ ಏರುತ್ತದೆ: 100 ಹರ್ಟ್ಸ್‌ನಲ್ಲಿ ಮೂರು-ನಾಲ್ಕು ಕಿಲೋ ಓಮ್, ಬೆರಳಿನ ಪೆಟ್ಟಿನ ಚುರುಕು ಇರುವ 2,000 ಹರ್ಟ್ಸ್‌ಗೆ ಬಂದಾಗ 60ರಿಂದ 75 ಕಿಲೋ ಓಮ್. ಇದನ್ನು ತೆಗೆದುಕೊಂಡು ಹೋಗಿ ಮಿಕ್ಸರ್‌ನ ಲೈನ್ ಇನ್‌ಪುಟ್‌ಗೆ ಸಿಗಿಸುತ್ತೀರಿ. ಆ ಇನ್‌ಪುಟ್‌ನ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಸಾಮಾನ್ಯವಾಗಿ ಹತ್ತು, ಇಪ್ಪತ್ತು ಕಿಲೋ ಓಮ್. ಕೆಳಗಿನ ಸ್ವರ ಅರ್ಧಂಬರ್ಧ ಆದರೂ ದಾಟುತ್ತದೆ, ಮೇಲಿನದು ಪಿಕಪ್‌ನೊಳಗೇ ಕರಗಿಹೋಗುತ್ತದೆ. ಮೈಕ್ ಇನ್‌ಪುಟ್ ಇನ್ನೂ ಕಡಿಮೆ ಓಮ್‌ನದ್ದು, ಅದಕ್ಕೆ ಸಿಗಿಸಿದರೆ ಮುಗಿದೇಹೋಯಿತು. ಮಾವನ ಪಿಕಪ್ ಸತ್ತಿದೆ ಅಂತಲೋ, ತಂತಿ ಹಳತಾಗಿದೆ ಅಂತಲೋ ಯಾರಾದರೂ ಬಿಚ್ಚಲು ಬಂದರೆ ದಯವಿಟ್ಟು ಬಿಡಬೇಡಿ. 1978ರ ಆಸುಪಾಸಿನ ಬೇಸ್ ಅದು (‘ಎಸ್’ ಅಂದರೆ ಎಪ್ಪತ್ತರ ದಶಕ, 8 ಅಂದರೆ 78, ಒಂದು ವರ್ಷ ಹಿಂದುಮುಂದು ಇರಬಹುದು). ಒಳಗಿನ ಬೆಸುಗೆ ಕಂಪನಿಯದ್ದೇ ಆಗಿದ್ದರೆ ಅದಕ್ಕೇ ಒಂದು ಬೆಲೆ ಇದೆ.

ಬೇಸ್‌ಗಾಗಿ ಮಾಡಿದ ಆಂಪ್‌ನ ಇನ್‌ಪುಟ್ ಹಲವು ನೂರು ಕಿಲೋ ಓಮ್‌ನಿಂದ ಒಂದು ಮೆಗಾ ಓಮ್‌ವರೆಗೆ ಇರಬೇಕು. ಹಳೇ ಟ್ರಾನ್ಸಿಸ್ಟರ್ ಆಂಪ್‌ಗಳಲ್ಲಿ ಕೆಲವಕ್ಕೆ ಇದು ಕಡಿಮೆ ಇರುತ್ತದೆ. ‘ಟ್ರಾನ್ಸಿಸ್ಟರ್‌ಗೆ ಜೀವ ಇಲ್ಲ’ ಅನ್ನುವ ದೂರಿನಲ್ಲಿ ಒಂದು ಪಾಲು ಇದರದ್ದೇ. ಅಂಗಡಿಯಲ್ಲೋ ಮಾರುವವರ ಮನೆಯಲ್ಲೋ ಇದನ್ನು ಕಿವಿಯಿಂದಲೇ ಪರೀಕ್ಷಿಸಬಹುದು. ಬೇಸ್‌ನ ವಾಲ್ಯೂಮ್, ಟೋನ್ ಎರಡೂ ಪೂರ್ತಿ ತೆರೆದು ಚಿಕ್ಕ ಕೇಬಲ್‌ನಲ್ಲಿ ಆಂಪ್‌ಗೆ ಸಿಗಿಸಿ, ಜಿ ತಂತಿಯ ಮೇಲೆ ಒಂದು ಪದ ನುಡಿಸಿ. ಆಮೇಲೆ ಮಧ್ಯೆ ಒಂದು ಬಾಸ್ ಕಂಪನಿಯ ಪೆಡಲ್ ಇಟ್ಟು, ಅದನ್ನು ಆಫ್‌ನಲ್ಲೇ ಬಿಟ್ಟು, ಅದೇ ಪದ ಮತ್ತೆ ನುಡಿಸಿ. ಆ ಪೆಡಲ್‌ಗಳಲ್ಲಿ ಆಫ್ ಇದ್ದಾಗಲೂ ಬಫರ್ (ಪಿಕಪ್ ಮೇಲೆ ಹೊರೆ ಬೀಳದಂತೆ ತಡೆಯುವ ಸರ್ಕ್ಯೂಟ್) ಕೆಲಸ ಮಾಡುತ್ತಿರುತ್ತದೆ. ಶಬ್ದ ಎದ್ದು ಕಾಣುವಷ್ಟು ತೆರೆದುಕೊಂಡರೆ ಆಂಪ್‌ನ ಇನ್‌ಪುಟ್ ನಿಮ್ಮ ಪಿಕಪ್ ಅನ್ನು ಒತ್ತುತ್ತಿದೆ ಅಂತಲೇ ಅರ್ಥ. ಅಂಥ ಆಂಪ್ ಬೇರೆಲ್ಲ ಚೆನ್ನಾಗಿದ್ದರೆ ಬೇಡ ಅನ್ನಬೇಡಿ, ಆ ಪೆಡಲನ್ನೇ ಖಾಯಂ ಇಟ್ಟುಕೊಂಡರೆ ಆಯಿತು. ಆಂಪ್ ಕೊಳ್ಳುವವರೆಗೂ ಮಿಕ್ಸರ್ ಮುಂದೆ ಒಂದು ಆಕ್ಟಿವ್ ಡಿಐ ಬಾಕ್ಸ್ (ಬೇಸ್‌ನ ಸಿಗ್ನಲ್ ಅನ್ನು ಮಿಕ್ಸರ್‌ಗೆ ಹೊಂದಿಸುವ ಚಿಕ್ಕ ಡಬ್ಬ) ಇಡಿ. ನಾಳೆಯ ಪ್ರೋಗ್ರಾಂನಲ್ಲೇ ಕಂಬಳಿ ಸರಿಯುತ್ತದೆ.

ಶಬ್ದದ ಜೋಡಿಗೆ ನಾನು ನಂಬಿರುವುದು ಒಂದೇ ಲೆಕ್ಕ: ಮಂದ್ರದ ಬೇಸ್‌ಗೆ ಚುರುಕು ಆಂಪ್, ಚುರುಕು ಬೇಸ್‌ಗೆ ಮಂದ್ರದ ಆಂಪ್. ಫ್ಲಾಟ್‌ವೌಂಡ್ ಹಾಕಿದ ಪ್ರಿಸಿಷನ್ ಮಧ್ಯದ ಸ್ವರದಲ್ಲಿ ತುಂಬಿಕೊಂಡಿರುತ್ತದೆ, ಮೇಲೆ ಹೆಚ್ಚೇನೂ ಇರುವುದಿಲ್ಲ. 80ರ ದಶಕದ ಶುರುವಿನಲ್ಲಿ ಬಂದ 800ಆರ್‌ಬಿಯ ಸ್ವಭಾವ ಇದಕ್ಕೆ ಉಲ್ಟಾ: ಬೇಗ ಎದ್ದು ಬೇಗ ನಿಲ್ಲುತ್ತದೆ, ಮೇಲು-ಮಧ್ಯದಲ್ಲಿ ಸ್ವಲ್ಪ ಹಲ್ಲು ಕಚ್ಚುತ್ತದೆ. ಎರಡೂ ಸೇರಿದಾಗ ದಪ್ಪವೂ ಉಳಿಯುತ್ತದೆ, ಯಾವ ಸ್ವರ ಅನ್ನುವುದೂ ತಿಳಿಯುತ್ತದೆ. ತಬಲಾ, ಢೋಲಕ್, ರಿದಂ ಪ್ಯಾಡ್, ಕೀಬೋರ್ಡಿನ ಎಡಗೈ ಎಲ್ಲ ಒಂದೇ ಜಾಗಕ್ಕೆ ನುಗ್ಗುವ ನಮ್ಮ ರಸಮಂಜರಿಗಳಲ್ಲಿ ಇದು ದೊಡ್ಡ ಗುಣ. ಗಿಬ್ಸನ್ ಇಬಿ-0 ತರಹದ, ನೆಕ್ ಬುಡದಲ್ಲಿ ದಪ್ಪ ಹಂಬಕರ್ ಪಿಕಪ್ ಇರುವ ಬೇಸ್‌ಗೂ ಇದೇ ಆಂಪ್ ಹೇಳುತ್ತೇನೆ. ರಿಕನ್‌ಬ್ಯಾಕರ್ 4001, ರೌಂಡ್‌ವೌಂಡ್ (ಒರಟು ಮೇಲ್ಮೈಯ ತಂತಿ) ಹಾಕಿದ ಜಾಜ್ ಬೇಸ್ ಇದ್ದವರು ಹಳೇ ಪೀವಿಯಂಥ, 15 ಇಂಚಿನ ಸ್ಪೀಕರ್‌ನ ಕಾಂಬೊ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ) ನೋಡಲಿ. 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಬ್ಯಾಟರಿಯ ಬೇಸ್, ಸಿಗ್ನಲ್ ಜೋರು. ಅದನ್ನು ಸಿಗಿಸುವಾಗ 800ಆರ್‌ಬಿಯ ಇನ್‌ಪುಟ್ ಪಕ್ಕದ 10 ಡೆಸಿಬೆಲ್ ಇಳಿಸುವ ಸ್ವಿಚ್ ಒತ್ತಿಕೊಳ್ಳಬೇಕು. ನಿಮ್ಮ ಪ್ರಿಸಿಷನ್‌ಗೆ ಆ ಸ್ವಿಚ್ ಮುಟ್ಟಬೇಡಿ.

ಸೆಟ್ಟಿಂಗ್ ಬಗ್ಗೆ ಒಂದು ಮಾತು. ಮನೆಯಲ್ಲಿ ಒಬ್ಬರೇ ನುಡಿಸುವಾಗ ಬೇಸ್, ಟ್ರೆಬಲ್ ಏರಿಸಿ ಮಿಡ್ ಇಳಿಸಿದರೆ ಭಾರೀ ಚಂದ ಕೇಳುತ್ತದೆ. ಬ್ಯಾಂಡ್ ಶುರುವಾದ ಮೇಲೆ ನೀವೇ ಕಾಣೆ. 800ಆರ್‌ಬಿಯ ಮುಂದಿರುವ ಕಾಂಟೂರ್ ಸ್ವಿಚ್ ಮಾಡುವುದೂ ಇದನ್ನೇ, ಅದನ್ನು ಆಫ್ ಇಡಿ. ನಾಲ್ಕೂ ಟೋನ್ ಮಧ್ಯದಲ್ಲಿಟ್ಟು ಶುರು ಮಾಡಿ, ಪೆಂಡಾಲ್ ಗುಂಯ್‌ಗುಟ್ಟಿದರೆ ಕೆಳ-ಮಿಡ್ ಚೂರು ಇಳಿಸಿ. ಇ ತಂತಿಯ ಮೂಲ ಸ್ವರ 41 ಹರ್ಟ್ಸ್. ಅದನ್ನು ಪೂರ್ತಿ ಕೊಡುವ ಪೆಟ್ಟಿಗೆಗಳೇ ಅಪರೂಪ. ನಮ್ಮ ಕಿವಿ 82ರಲ್ಲಿರುವ ಅದರ ಎರಡನೇ ಪಟ್ಟನ್ನು ಕೇಳಿ ಮೂಲವನ್ನು ತಾನೇ ಕಟ್ಟಿಕೊಳ್ಳುತ್ತದೆ. ಬೇಸ್ ಗುಬುಟು ತಿರುಗಿಸಿ ತಿರುಗಿಸಿ ಆಂಪ್‌ನ ವ್ಯಾಟ್ ಅಲ್ಲಿ ಸುಡಬೇಡಿ.

ಗೆಳೆಯನ ಕ್ಯಾಬಿನೆಟ್ ಸಾಕು, ಆದರೆ ಎರಡು ವಿಷಯ. 800ಆರ್‌ಬಿಯ 300 ವ್ಯಾಟ್ ಅನ್ನುವುದು 4 ಓಮ್ ಲೋಡ್‌ಗೆ. ಒಂದೇ 8 ಓಮ್ ಪೆಟ್ಟಿಗೆಗೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೋಗುತ್ತದೆ, ನಿಮ್ಮ ಕೆಲಸಕ್ಕೆ ಧಾರಾಳ. ಮುಂದೆ ಇನ್ನೊಂದು 8 ಓಮ್ ಪೆಟ್ಟಿಗೆ ಜೊತೆಗೆ ಹಾಕಿದರೆ 4 ಓಮ್ ಆಗುತ್ತದೆ, ಅಲ್ಲಿಗೆ ನಿಲ್ಲಿಸಿ. ಮೂರನೆಯದು ಹಾಕಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಮೇಲೆ ಹೊರೆ. ಈ ಆಂಪ್‌ನಲ್ಲಿ ಮೇಲಿನ ಸ್ವರಕ್ಕೆಂದೇ 100 ವ್ಯಾಟ್‌ನ ಇನ್ನೊಂದು ಆಂಪ್ ಇದೆ. ಒಂದೇ ಪೆಟ್ಟಿಗೆ ಇರುವವರಿಗೆ ಅದರ ಗೊಡವೆ ಬೇಡ, 300 ವ್ಯಾಟ್ ಕಡೆಯನ್ನು ಫುಲ್ ರೇಂಜ್‌ನಲ್ಲಿ ಬಳಸಿ. ಎರಡನೆಯದು, ಕ್ಯಾಬಿನೆಟ್ ನಿಜವಾಗಿ 8 ಓಮೇ ಅಂತ ಮೀಟರ್ ಇಟ್ಟು ನೋಡಿ. 8 ಓಮ್ ಸ್ಪೀಕರ್ ಮೀಟರ್‌ನಲ್ಲಿ ಸುಮಾರು 6 ತೋರಿಸುತ್ತದೆ. 3 ಚಿಲ್ಲರೆ ತೋರಿಸಿದರೆ ಅದು 4 ಓಮ್, ಹಿಂದಿನ ಚೀಟಿಯಲ್ಲಿ ಏನೇ ಬರೆದಿರಲಿ.

ಕೊಳ್ಳುವ ಮುಂಚೆ ನೋಡಬೇಕಾದದ್ದು. ಬಹಳ ದಿನ ಸುಮ್ಮನೆ ಬಿದ್ದಿದ್ದ ಆಂಪ್ ಆದರೆ ನೇರ ಪ್ಲಗ್‌ಗೆ ಸಿಗಿಸಲು ಬಿಡಬೇಡಿ. ನಮ್ಮ ರಿಪೇರಿಯವರ ಸೀರೀಸ್ ಬೋರ್ಡ್ ಇದೆಯಲ್ಲ, ಬಲ್ಬಿನ ಮೂಲಕ ಕರೆಂಟ್ ಹಾಯಿಸುವುದು, ಅದರಲ್ಲಿ ಹಾಕಿಸಿ. ಸ್ಪೀಕರ್ ಸಿಗಿಸಬೇಡಿ, ಟ್ರಾನ್ಸಿಸ್ಟರ್ ಆಂಪ್‌ಗೆ ಲೋಡ್ ಇಲ್ಲದಿದ್ದರೆ ತೊಂದರೆ ಇಲ್ಲ, ವಾಲ್ವ್ ಆಂಪ್‌ನಲ್ಲಿ ಮಾತ್ರ ಹಾಗೆ ಮಾಡಬಾರದು. ಬಲ್ಬ್ ಒಮ್ಮೆ ಉರಿದು ಮಂಕಾದರೆ ಸರಿ. ಪೂರ್ತಿ ಬೆಳಕಿನಲ್ಲೇ ನಿಂತರೆ ಒಳಗೆ ಶಾರ್ಟ್ ಇದೆ, ನಮಸ್ಕಾರ ಹೇಳಿ ಎದ್ದು ಬನ್ನಿ. ಮಂಕಾದರೆ ಬಲ್ಬ್ ತೆಗೆದು ನೇರ ಕರೆಂಟ್ ಕೊಟ್ಟು, ಸ್ಪೀಕರ್ ಔಟ್‌ಪುಟ್‌ನಲ್ಲಿ ಡಿಸಿ ವೋಲ್ಟ್ ಅಳೆಯಿರಿ. ಹತ್ತಿಪ್ಪತ್ತು ಮಿಲಿವೋಲ್ಟ್ ಇದ್ದರೆ ಚಿಂತೆಯಿಲ್ಲ. ವೋಲ್ಟ್‌ಗಳ ಲೆಕ್ಕದಲ್ಲಿ ಬಂತೋ, ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿದೆ. ಗೆಳೆಯನ ಸ್ಪೀಕರ್‌ನ ಕಾಯಿಲ್ ಸುಡಲು ಅಷ್ಟು ಸಾಕು. ಇದಾದ ಮೇಲೇ ಸ್ಪೀಕರ್ ಸಿಗಿಸಿ. ವಾಲ್ಯೂಮ್ ಸೊನ್ನೆಯಲ್ಲೂ ದಪ್ಪ ಹಮ್ಮಿಂಗ್ ಇದ್ದರೆ ಫಿಲ್ಟರ್ ಕಂಡೆನ್ಸರ್ ಒಣಗಿವೆ ಅಂತ ಲೆಕ್ಕ. ಅದು ರಿಪೇರಿ ಆಗುವಂಥದ್ದೇ, ಅದಕ್ಕೆ ತಕ್ಕಂತೆ ರೇಟ್ ಇಳಿಸಿ. ಗುಬುಟು ತಿರುಗಿಸಿದಾಗಿನ ಕರಕರ ಬರೀ ಧೂಳು, ಕಾಂಟ್ಯಾಕ್ಟ್ ಕ್ಲೀನರ್‌ಗೆ ಹೋಗುತ್ತದೆ.

ಮುಂದೊಂದು ದಿನ ಔಟ್‌ಪುಟ್ ಹೋದರೂ ಹೆದರಬೇಕಿಲ್ಲ. ಟ್ರಾನ್ಸಿಸ್ಟರ್ ಆಂಪ್ ತಗೊಳ್ಳಿ ಅನ್ನಲು ಇದೂ ಒಂದು ಕಾರಣ. ವಾಲ್ವ್ ಸೆಟ್ ಬಿಚ್ಚಿ ಬಲ್ಲವರು ಈಗ ಹಾಸನ-ಚಿಕ್ಕಮಗಳೂರಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಆದರೆ 2ಎನ್3055 ಎಂಬ ಪವರ್ ಟ್ರಾನ್ಸಿಸ್ಟರ್ ಹಾಕಿದ ಆಂಪ್ ರಿಪೇರಿ ಮಾಡಿ ಕೈ ಪಳಗಿದ ಮೈಕ್‌ಸೆಟ್‌ನವರು ತಾಲ್ಲೂಕಿಗೊಬ್ಬರಾದರೂ ಇದ್ದಾರೆ, ಆ ವಿದ್ಯೆ ಇಲ್ಲೂ ನಡೆಯುತ್ತದೆ. ಪಾರ್ಟ್ಸ್‌ಗೆ ಬೆಂಗಳೂರಿನ ಎಸ್‌ಪಿ ರೋಡ್ ಇದೆ. ಅಲ್ಲಿ ನಕಲಿ ಪವರ್ ಟ್ರಾನ್ಸಿಸ್ಟರ್ ಕೂಡ ಧಾರಾಳ ಸಿಗುತ್ತವೆ, ಅಗ್ಗಕ್ಕೆ ಬಿದ್ದು ತರಬೇಡಿ. ಒಂದು ಹೋಗಿದ್ದರೆ ಅದರ ಜೊತೆಯದನ್ನೂ, ಡ್ರೈವರ್‌ಗಳನ್ನೂ ಪರೀಕ್ಷಿಸಿಯೇ ಹೊಸದು ಹಾಕಿಸಬೇಕು, ಇಲ್ಲದಿದ್ದರೆ ಹಾಕಿದ್ದೂ ಹೋಗುತ್ತದೆ.

ಕರೆಂಟ್ ವಿಷಯಕ್ಕೆ ಬರೋಣ, ಇದರಲ್ಲಿ ಮಾತ್ರ ಉದಾಸೀನ ಬೇಡ. ಆಂಪ್ ಹಿಂದಿನ ತಗಡಿನ ಮೇಲೆ 120 ವೋಲ್ಟ್ ಅಂತಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, 750 ವಿಎಗಿಂತ ಕಡಿಮೆಯದ್ದು ಬೇಡ. ಅಮೆರಿಕದ್ದು 60 ಹರ್ಟ್ಸ್, ನಮ್ಮದು 50. ಅಲ್ಲಿಗೆಂದೇ ಮಾಡಿದ ಟ್ರಾನ್ಸ್‌ಫಾರ್ಮರ್ ಇಲ್ಲಿ ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ, ಗಾಳಿಯಾಡುವಂತೆ ಇಡಿ. ಅಂಗಡಿಯಲ್ಲಿ ಸಿಗುವ ಎಷ್ಟೋ ಸ್ಟೆಪ್‌ಡೌನ್ ಡಬ್ಬಗಳಲ್ಲಿ ಅರ್ಥ್ ಪಿನ್ ಹೆಸರಿಗಷ್ಟೇ ಇರುತ್ತದೆ, ಒಳಗೆ ವಯರೇ ಇರುವುದಿಲ್ಲ. ಬಿಚ್ಚಿಸಿ ನೋಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಬೇಸ್‌ನ ತಂತಿಗಳು ಬ್ರಿಡ್ಜ್ ಮೂಲಕ ಆಂಪ್‌ನ ಗ್ರೌಂಡ್‌ಗೆ ಸೇರಿರುತ್ತವೆ. ಮೈಕ್‌ನ ಜಾಲರಿ ಮಿಕ್ಸರ್‌ನ ಗ್ರೌಂಡ್‌ಗೆ. ಪೆಂಡಾಲಿನಲ್ಲಿ ಮಿಕ್ಸರ್‌ಗೆ ಒಂದು ಲೈನ್, ನಿಮಗೆ ಇನ್ನೊಂದು ಬೋರ್ಡಿನಿಂದ ಲೈನ್, ಅರ್ಥ್ ಎಲ್ಲೋ ಕಿತ್ತುಹೋಗಿದೆ, ಕೆಳಗೆ ಮಳೆನೀರಿಗೆ ನೆನೆದ ನೆಲ. ಕೋರಸ್ ಹಾಡಲು ಬಾಯಿ ಮೈಕ್‌ಗೆ ತಾಗಿಸಿದ ಕ್ಷಣ ನಿಮ್ಮ ಕೈ ಮತ್ತು ತುಟಿಯ ನಡುವೆ ಕರೆಂಟ್ ಹರಿಯುತ್ತದೆ. ಇದಕ್ಕೆ ಜೀವ ಹೋಗುತ್ತದೆ. ಸೌಂಡ್ ಚೆಕ್ ಮೊದಲು ಮೀಟರನ್ನು ಎಸಿಯ ದೊಡ್ಡ ರೇಂಜ್‌ನಲ್ಲಿಟ್ಟು ಒಂದು ಕಡ್ಡಿ ಬ್ರಿಡ್ಜ್‌ಗೆ, ಇನ್ನೊಂದು ಮೈಕ್ ಜಾಲರಿಗೆ ತಾಗಿಸಿ ನೋಡುವುದು ಅಭ್ಯಾಸವಾಗಲಿ. ಒಂದೆರಡು ವೋಲ್ಟ್ ದಾಟಿದರೆ ವೈರಿಂಗ್ ಸರಿಯಾಗುವವರೆಗೆ ಬೇಸ್ ಮುಟ್ಟಬೇಡಿ. ಆಂಪ್‌ಗೂ ಮಿಕ್ಸರ್‌ಗೂ ಒಂದೇ ಬೋರ್ಡಿನಿಂದ ಲೈನ್ ಕೇಳಿ. ಹಮ್ಮಿಂಗ್ ಹೋಗಲಿ ಅಂತ ಅರ್ಥ್ ಪಿನ್ ಮುರಿಯುವವರು ಇನ್ನೂ ಇದ್ದಾರೆ, ಅಂಥವರ ಕೈಗೆ ಪ್ಲಗ್ ಕೊಡಬೇಡಿ.

ಲೋ ವೋಲ್ಟೇಜ್‌ಗೆ ಟ್ರಾನ್ಸಿಸ್ಟರ್ ಆಂಪ್ ಅಷ್ಟಾಗಿ ಕೆಡುವುದಿಲ್ಲ, ವ್ಯಾಟ್ ಕಡಿಮೆಯಾಗಿ ಶಬ್ದ ಬೇಗ ಒಡೆಯುತ್ತದೆ ಅಷ್ಟೆ. ಅಪಾಯ ಇರುವುದು ಜನರೇಟರ್ ಶುರುವಾದಾಗಿನ ನೆಗೆತದಲ್ಲಿ. ಒಳ್ಳೆಯ ಸ್ಟೆಬಿಲೈಜರ್ ಇರಲಿ, ಜನರೇಟರ್ ನೆಲೆ ನಿಂತ ಮೇಲೇ ಆಂಪ್ ಆನ್ ಮಾಡಿ.

ಮಳೆಗಾಲದಲ್ಲಿ ಆಂಪ್‌ಗೆ ಪ್ಲಾಸ್ಟಿಕ್ ಸುತ್ತಿ ಅಟ್ಟಕ್ಕೆ ಹಾಕಬೇಡಿ, ತೇವ ಒಳಗೇ ಉಳಿದು ಕಾಗದದ ಸ್ಪೀಕರ್ ಕೋನ್‌ಗೆ ಬೂಷ್ಟು ಹಿಡಿಯುತ್ತದೆ. ಬಟ್ಟೆ ಹೊದಿಸಿ, ವಾರಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿ, ಒಳಗಿನ ಬಿಸಿಯೇ ತೇವ ಓಡಿಸುತ್ತದೆ. ಬೇಸ್‌ನ ಕೇಸ್‌ನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ.

ತಂತಿ ಬದಲಿಸಲೇ ಅಂತ ನೀವು ಕೇಳಿಲ್ಲ, ಆದರೆ ಆಂಪ್ ಬಂದ ವಾರವೇ ಯಾರಾದರೂ ಹೇಳಿಯೇ ಹೇಳುತ್ತಾರೆ. ಫ್ಲಾಟ್‌ವೌಂಡ್ ಹಳತಾದಷ್ಟೂ ಕೆಲವರಿಗೆ ಇಷ್ಟ, ನಾನೂ ಆ ಪೈಕಿ. ಶ್ರುತಿ ನಿಲ್ಲುತ್ತಿದ್ದರೆ, ಹನ್ನೆರಡನೇ ಫ್ರೆಟ್‌ನಲ್ಲಿ ಸ್ವರ ಸರಿ ಕೂರುತ್ತಿದ್ದರೆ ಹಾಗೇ ಬಿಡಿ. ಹೊಸ ಆಂಪ್‌ನಲ್ಲಿ ನಾಲ್ಕಾರು ಪ್ರೋಗ್ರಾಂ ಮುಗಿಸಿದ ಮೇಲೂ ಚುರುಕು ಸಾಲದು ಅನಿಸಿದರೆ ಮಾತ್ರ ರೌಂಡ್‌ವೌಂಡ್ ಯೋಚಿಸಿ. ಅವುಗಳ ಬಿಗಿತ ಸಾಮಾನ್ಯವಾಗಿ ಕಡಿಮೆ, ನೆಕ್ ಹಿಂದಕ್ಕೆ ಸರಿದು ತಂತಿ ಫ್ರೆಟ್‌ಗೆ ತಾಗಬಹುದು. ನಿಮ್ಮ ಕಾಲದ ಪ್ರಿಸಿಷನ್‌ನಲ್ಲಿ ನೆಕ್‌ನ ಬಾಗು ಸರಿಪಡಿಸುವ ಟ್ರಸ್ ರಾಡ್‌ನ ನಟ್ ನೆಕ್‌ನ ಬುಡದಲ್ಲಿರುತ್ತದೆ, ತಿರುಗಿಸಲು ನೆಕ್ ಸಡಿಲಿಸಿ ಎತ್ತಬೇಕಾಗುತ್ತದೆ. ಆ ಕೆಲಸ ಗೊತ್ತಿರುವವರ ಹತ್ತಿರವೇ ಮಾಡಿಸಿ, ಬಿಚ್ಚಿದ ಫ್ಲಾಟ್‌ವೌಂಡ್ ಸೆಟ್ಟನ್ನು ಸುರುಳಿ ಸುತ್ತಿ ಕೇಸ್‌ನಲ್ಲೇ ಇಟ್ಟುಕೊಳ್ಳಿ.